ಒಂದೇ ಮಡುವನ್ನು ಇಬ್ಬರಿಗೆ ಕೊಟ್ಟ ಶಾಸಕ

ಒಂದು ಕಾಡಿನಲ್ಲಿ ರಾಜನೇ ಇರಲಿಲ್ಲ. ಮುದಿ ಸಿಂಹ ಮಕ್ಕಳಿಲ್ಲದೆ ಸತ್ತಾಗ ಪ್ರಾಣಿಗಳೆಲ್ಲ ಒಟ್ಟಾಗಿ ಕುಳಿತು ಯೋಚಿಸಿದವು. "ರಾಜರ ಸಹವಾಸ ಸಾಕಪ್ಪಾ ಸಾಕು, ಇನ್ನು ನಮ್ಮನ್ನು ನಾವೇ ಆಳಿಕೊಳ್ಳೋಣ" ಎಂದು ತೀರ್ಮಾನಿಸಿದವು. ಕಾಡನ್ನು ಸೀಮೆಗಳಾಗಿ ಹಂಚಿದವು. ಒಂದೊಂದು ಸೀಮೆಗೆ ಒಬ್ಬ ಶಾಸಕ. ಶಾಸಕರೆಲ್ಲ ಸೇರಿದರೆ ಮಹಾಸಭೆ. ಅದಕ್ಕೆ ಆನೆ ಸಭಾಪತಿ. ಸಭೆಯಲ್ಲಿ ಎರಡು ಪಕ್ಷ, ಗೊರಸಿನದೊಂದು, ಉಗುರಿನದೊಂದು. ಚುನಾವಣೆ ಬಂತೆಂದರೆ ನಿಂತವರ ಹೆಸರಿನಲ್ಲಿ ಒಂದೊಂದು ಗುಳಿ ತೋಡುತ್ತಿದ್ದವು. ತನಗೆ ಬೇಕಾದವನ ಗುಳಿಗೆ ಒಂದು ಕಲ್ಲು ಹಾಕಿದರೆ ಅದೇ ಓಟು.

ಆ ಕಾಡಿನ ಕುರುಚಲು ಸೀಮೆಯಲ್ಲಿ ಜಂಬಯ್ಯ ಎಂಬ ನರಿ ಇದ್ದ. ಮಾತಿನಲ್ಲೇ ಮನೆ ಕಟ್ಟುವವನು. ಅವನು ಬಾಯಿ ತೆರೆದರೆ ಮೇಯುತ್ತಿದ್ದ ಮೊಲಗಳು ಮೇಯುವುದನ್ನು ಮರೆತು ಕಿವಿ ನಿಮಿರಿಸುತ್ತಿದ್ದವು. "ನಾನಲ್ಲದೆ ಇನ್ಯಾರು ಶಾಸಕರಾಗಬೇಕು?" ಎಂದು ಅವನು ಮೊದಲನೆಯ ಚುನಾವಣೆಗೇ ನಿಂತ. ಎದುರಿಗೆ ನಿಂತವನು ಕಾಡುಕೋಣ ದೊಡ್ಡೀರಯ್ಯ. ದೊಡ್ಡೀರಯ್ಯನಿಗೆ ನೆಟ್ಟಗೆ ಎರಡು ಮಾತು ಜೋಡಿಸಲು ಬರುತ್ತಿರಲಿಲ್ಲ. ಜಂಬಯ್ಯ ಕಂಡ ಕಂಡ ಬಂಡೆ ಹತ್ತಿ ಭಾಷಣ ಮಾಡಿದ. ಎಲ್ಲರೂ ತಲೆದೂಗಿದರು. ಕಲ್ಲು ಎಣಿಸುವಾಗ ನೋಡಿದರೆ ಕಾಡುಕೋಣನ ಗುಳಿ ತುಂಬಿ ಚೆಲ್ಲುತ್ತಿತ್ತು. ಜಂಬಯ್ಯನ ಗುಳಿಯಲ್ಲಿ ತಳದ ಮಣ್ಣು ಕಾಣುತ್ತಿತ್ತು.

ಜಂಬಯ್ಯ ಕೆಲವು ದಿನ ಗುಹೆ ಬಿಟ್ಟು ಹೊರಗೆ ಬರಲಿಲ್ಲ. ಆಮೇಲೆ ತಡೆಯಲಾಗದೆ ಮುಳ್ಳುಹಂದಿ ಸಾತವ್ವನ ಬಿಲದ ಹತ್ತಿರ ಹೋದ. ಸಾತವ್ವ ಆ ಸೀಮೆಯಲ್ಲೇ ಹಿರಿಯಳು. ಎಲ್ಲರಿಗೂ ಅಜ್ಜಿ.

"ಅಜ್ಜೀ, ನನ್ನ ಭಾಷಣಕ್ಕೆ ನೀನೂ ತಲೆದೂಗಿದೆ. ಕಲ್ಲು ಮಾತ್ರ ಆ ಕೋಣನಿಗೆ ಹಾಕಿದೆ. ಯಾಕೆ?" ಎಂದು ಕೇಳಿದ.

"ಭಾಷಣ ಚೆನ್ನಾಗಿತ್ತು ಮಗಾ, ಅದಕ್ಕೇ ತಲೆದೂಗಿದೆ. ಆದರೆ ಹುಲ್ಲಿಗೆ ಬೆಂಕಿ ಬಿದ್ದಾಗ ನಮ್ಮ ಬಿಲದ ಮುಂದೆ ನಿಂತು ಕಿಚ್ಚು ತುಳಿದವನು ಅವನು. ಆವತ್ತು ನೀನು ಎಲ್ಲಿದ್ದೆ?"

ಆವತ್ತು ಎಲ್ಲರಿಗಿಂತ ಮೊದಲು ಓಡಿದವನೇ ಜಂಬಯ್ಯ. ಅವನು ಬಾಲ ಮುದುರಿಕೊಂಡು ತೆಪ್ಪಗೆ ಎದ್ದು ಬಂದ.

ಆದರೆ ಆ ಮಾತು ಅವನಿಗೆ ನಾಟಿತು. ಮರುದಿನದಿಂದ ಜಂಬಯ್ಯ ಬೇರೆಯೇ ಆದ. ಚಿರತೆಯ ಸುಳಿವು ಸಿಕ್ಕಿದರೆ ದಿಬ್ಬ ಹತ್ತಿ ಊಳಿಟ್ಟು ಎಲ್ಲರನ್ನೂ ಎಚ್ಚರಿಸುತ್ತಿದ್ದ. ಮುಳ್ಳುಪೊದೆಯಲ್ಲಿ ಸಿಕ್ಕಿಕೊಂಡ ನವಿಲುಮರಿಯನ್ನು ಮೈಯೆಲ್ಲ ಗೀರಿಸಿಕೊಂಡು ಬಿಡಿಸಿ ತಂದ. ಮಳೆಗೆ ಮೊಲಗಳ ಬಿಲ ಕುಸಿದಾಗ ಮುಂಗಾಲೆರಡೂ ಕೆಸರು ಮಾಡಿಕೊಂಡು ಅಗೆದುಕೊಟ್ಟ. ಮೊದಮೊದಲು ಇದೆಲ್ಲ ಓಟಿಗಾಗಿಯೇ. ಬರುಬರುತ್ತ ಅವನಿಗೇ ಅದು ಹಿತವಾಯಿತು. ದಾರಿಯಲ್ಲಿ ಸಿಕ್ಕವರೆಲ್ಲ "ಜಂಬಣ್ಣ, ಊಟ ಆಯ್ತಾ?" ಎಂದು ಕೇಳುತ್ತಿದ್ದರು. ಅದನ್ನು ಕೇಳಿದ ದಿನ ಅವನಿಗೆ ಒಳ್ಳೆಯ ನಿದ್ದೆ ಬರುತ್ತಿತ್ತು.

ಮುಂದಿನ ಚುನಾವಣೆ ಬಂತು. ದೊಡ್ಡೀರಯ್ಯನಿಗೆ ವಯಸ್ಸಾಗಿತ್ತು. "ನನಗೆ ಮಂಡಿ ನೋವು. ಈ ಸಲ ನಮ್ಮ ಗೊರಸಿನ ಪಕ್ಷದಿಂದ ಇವನನ್ನೇ ಕಳಿಸಿ" ಎಂದು ಅವನೇ ಹೇಳಿದ. ಅವನ ಆಯುಷ್ಯದಲ್ಲೇ ಅಷ್ಟು ಉದ್ದದ ಭಾಷಣ ಅದೊಂದೇ. ಜಂಬಯ್ಯನ ಗುಳಿಗೆ ಮೊದಲ ಕಲ್ಲು ಹಾಕಿದವಳು ಸಾತವ್ವ. ಸಂಜೆಯ ಹೊತ್ತಿಗೆ ಅವನ ಗುಳಿಯ ಮೇಲೆ ಗುಡ್ಡೆ ಎದ್ದಿತ್ತು. ಜಂಬಯ್ಯನ ಕಣ್ಣಿನಲ್ಲಿ ನೀರು ತುಂಬಿತು.

"ಅಳಬೇಡ ಮಗಾ" ಎಂದಳು ಸಾತವ್ವ. "ನಮಗೆ ಬೇಕಾದ್ದು ಒಂದೇ. ಆ ಕಲ್ಲುಮಡುವಿನ ಬೇಲಿ ತೆಗೆಸಿಕೊಡು."

ಕಲ್ಲುಮಡು ಇದ್ದದ್ದು ಕುರುಚಲು ಸೀಮೆಗೂ ಪಕ್ಕದ ಹುಲ್ಲುಗಾವಲು ಸೀಮೆಗೂ ನಡುವೆ. ಎಂಥ ಬಿರುಬೇಸಿಗೆಗೂ ಬತ್ತದ ನೀರು. ಮುದಿ ಸಿಂಹ ತನ್ನ ಸ್ನಾನಕ್ಕೆಂದು ಅದರ ಸುತ್ತ ಮುಳ್ಳುಬೇಲಿ ಹಾಕಿಸಿತ್ತು. ಸಿಂಹ ಹೋಯಿತು, ಬೇಲಿ ಉಳಿಯಿತು. ಮಹಾಸಭೆಯಲ್ಲಿ ನೀರಿನ ಮಂತ್ರಿ ಕೇಳಿ, ಸಭಾಪತಿ ಅಪ್ಪಣೆ ಕೊಡದೆ ಅದನ್ನು ಯಾರೂ ಮುಟ್ಟುವಂತಿರಲಿಲ್ಲ, ದಾಟುವಂತೆಯೂ ಇರಲಿಲ್ಲ.

ಜಂಬಯ್ಯ ಸಭೆಯಲ್ಲಿ ಮಡುವಿನ ಮಾತೆತ್ತಿದ. ಅಲ್ಲಿ ಆಳುತ್ತಿದ್ದುದು ಉಗುರಿನ ಪಕ್ಷ. ಅವರ ಕಡೆಯ ತೋಳ ಆಕಳಿಸಿತು, ಕಾಡುಬೆಕ್ಕು ಮೈ ನೆಕ್ಕಿಕೊಳ್ಳುತ್ತ ಕುಳಿತಿತು. ಸಭೆ ಮುಗಿದ ಮೇಲೆ ಉಗುರಿನ ಪಕ್ಷದ ಮುಖಂಡ ಕರಡಿ ಭರ್ಮಣ್ಣ ಅವನ ಹೆಗಲ ಮೇಲೆ ಕೈ ಹಾಕಿದ. ಮುಂದಕ್ಕೆ ಜೇನುಹುಟ್ಟು ಸರಿಸಿದ.

"ಅಲ್ಲಯ್ಯಾ, ನಿನ್ನ ಕಾಲು ನೋಡಿಕೋ. ಇರುವುದು ಉಗುರು. ಗೊರಸಿನವರ ನಡುವೆ ನಿನಗೇನು ಕೆಲಸ? ಈ ಕಡೆ ಬಾ. ನೀರಿನ ಮಂತ್ರಿ ಮಾಡುತ್ತೇನೆ" ಎಂದ.

ಜಂಬಯ್ಯ ಜೇನು ನೆಕ್ಕಿದ. ತನ್ನ ಉಗುರುಗಳನ್ನು ನೋಡಿಕೊಂಡ. ಪಕ್ಷ ಬಿಟ್ಟ.

ಪಕ್ಷ ಬಿಟ್ಟವನು ಮತ್ತೆ ಓಟಿಗೆ ಹೋಗಬೇಕೆಂಬುದು ಕಾಡಿನ ಕಟ್ಟಳೆ. ಉಪಚುನಾವಣೆ ಬಂತು. ಜಂಬಯ್ಯ ಬಂಡೆ ಹತ್ತಿ ಎದೆ ಬಡಿದುಕೊಂಡ. "ನಾನು ಪಕ್ಷ ಬಿಟ್ಟದ್ದು ನನಗಾಗಿಯೇ? ನಿಮ್ಮ ಬಾಯಾರಿಕೆಗಾಗಿ! ಮಂತ್ರಿಯಾದರೆ ತಾನೆ ಮಡು ನಿಮ್ಮದಾಗುವುದು?" ಕುರುಚಲು ಸೀಮೆಯವರಿಗೆ ಅದು ಹೌದೆನಿಸಿತು. ದೊಡ್ಡೀರಯ್ಯ ಮಾತ್ರ ಮುಖ ತಿರುಗಿಸಿಕೊಂಡು ಮಲಗಿದ. ಜಂಬಯ್ಯ ಗೆದ್ದ. ಮಂತ್ರಿಯೂ ಆದ.

ಮಂತ್ರಿಯಾದ ಕೂಡಲೇ ಅವನು ಕಲ್ಲುಮಡುವಿಗೆ ಹೋದ. ಬೇಲಿ ತೆಗೆಸಿಬಿಡಬೇಕೆಂದೇ ಹೋದ, ಅದು ಸುಳ್ಳಲ್ಲ. ಆದರೆ ಬೇಲಿಯ ಮುಂದೆ ನಿಂತಾಗ ತಲೆಯಲ್ಲೊಂದು ಹುಳ ಹೊಕ್ಕಿತು. "ಇವತ್ತು ಬೇಲಿ ತೆಗೆಸಿದರೆ ಇವತ್ತು ಜೈ ಅನ್ನುತ್ತಾರೆ. ನಾಳೆ ನೀರು ಕುಡಿದು ಬಾಯಿ ಒರೆಸಿಕೊಂಡು ಹೋಗುತ್ತಾರೆ. ಮುಂದಿನ ಚುನಾವಣೆಗೆ ಏನು ಹೇಳಿ ಕಲ್ಲು ಕೇಳಲಿ? ಕೊಟ್ಟುಬಿಟ್ಟರೆ ಮುಗಿಯಿತು. ಕೊಡುತ್ತೇನೆ ಅನ್ನುತ್ತಿದ್ದರೆ ಮುಗಿಯುವುದೇ ಇಲ್ಲ!"

ಅವನು ಬೇಲಿಯ ಸಂದಿನಲ್ಲಿ ನುಸುಳಿ, ಹೊಟ್ಟೆ ತುಂಬ ನೀರು ಕುಡಿದು, ಹಿಂದಿರುಗಿದ.

"ಏನಾಯ್ತಪ್ಪಾ ಮಡು?" ಎಂದು ಸಾತವ್ವ ಕೇಳಿದಳು.

"ನಾನು ಬಿಡುತ್ತೇನೆಯೇ ಅಜ್ಜೀ? ಆ ಸಭಾಪತಿ ಒಪ್ಪುತ್ತಿಲ್ಲ. ಆನೆ ನೋಡು, ಚರ್ಮ ದಪ್ಪ. ನೀವು ಇನ್ನೊಂದು ಸಲ ಗೆಲ್ಲಿಸಿ, ಆಮೇಲೆ ನೋಡುವಿರಂತೆ."

ಇನ್ನೊಂದು ಸಲ ಗೆಲ್ಲಿಸಿದರು. ಅದರ ಮುಂದಿನ ಸಲವೂ ಗೆಲ್ಲಿಸಿದರು. ಜಂಬಯ್ಯನ ಹೊಟ್ಟೆ ಮುಂದೆ ಬಂತು. ಗುಹೆ ಮಹಾಸಭೆಯ ಪಕ್ಕಕ್ಕೆ ಬಂತು. ಸೀಮೆಯ ಕಡೆ ಬರುವುದು ಕಡಿಮೆಯಾಯಿತು. ಬಂದಾಗಲೂ "ಜಂಬಣ್ಣ, ಊಟ ಆಯ್ತಾ?" ಎನ್ನುವವರು ಇರಲಿಲ್ಲ. "ಮಂತ್ರಿಗಳು ಬಂದರು, ದಾರಿ ಬಿಡಿ" ಎನ್ನುತ್ತಿದ್ದರು.

ಹೀಗಿರುವಾಗ ಒಂದು ಕೆಟ್ಟ ಬೇಸಿಗೆ ಬಂತು. ಹಳ್ಳ ಒಣಗಿತು. ಮೊಲಗಳ ಎಳೆಯ ಮರಿಗಳು ನೀರಿಲ್ಲದೆ ಕಣ್ಣುಮುಚ್ಚಿದವು. ಕುರುಚಲು ಸೀಮೆಯಲ್ಲಿ ಗುಸುಗುಸು ಎದ್ದಿತು. ಅಷ್ಟರಲ್ಲೇ ಮತ್ತೆ ಚುನಾವಣೆ. ಜಂಬಯ್ಯನ ಮೂಗು ಚುರುಕು. ಈ ಸಲ ಗಾಳಿ ತಿರುಗಿದೆ ಎಂದು ಅದು ಹೇಳಿತು. ಅವನು ಎರಡು ಕಡೆ ನಿಂತ. ಕುರುಚಲು ಸೀಮೆಯಲ್ಲೂ ನಿಂತ, ಪಕ್ಕದ ಹುಲ್ಲುಗಾವಲು ಸೀಮೆಯಲ್ಲೂ ನಿಂತ. ಇಲ್ಲಿ ಜಾರಿದರೆ ಅಲ್ಲಿ ಹಿಡಿದುಕೊಳ್ಳುವ ಲೆಕ್ಕ.

ಬೆಳಿಗ್ಗೆ ಕಾರೆಮುಳ್ಳಿನ ರೆಂಬೆ ಹಿಡಿದು ಕುರುಚಲು ಸೀಮೆಗೆ ಹೋಗುತ್ತಿದ್ದ. "ನಾನು ಮುಳ್ಳಿನಲ್ಲಿ ಹುಟ್ಟಿದವನು, ನಿಮ್ಮ ಮನೆಮಗ! ಓಟು ಮುಗಿದ ಮರುದಿನ ಕಲ್ಲುಮಡು ನಿಮ್ಮದು."

ಸಂಜೆ ಕುತ್ತಿಗೆಗೆ ಗರಿಕೆಯ ಹಾರ ಹಾಕಿಕೊಂಡು ಹುಲ್ಲುಗಾವಲಿಗೆ ಹೋಗುತ್ತಿದ್ದ. "ನಮ್ಮ ಅವ್ವನ ತವರು ಇದೇ ಹುಲ್ಲು! ನಾನು ನಿಮ್ಮ ಸೋದರಳಿಯ! ಓಟು ಮುಗಿದ ಮರುದಿನ ಕಲ್ಲುಮಡು ನಿಮ್ಮದು."

ಹುಲ್ಲುಗಾವಲಿನವರಿಗೂ ನೀರಿನದೇ ಕಷ್ಟ. ಅವರ ಹಿರಿಯ ಕಡವೆ ಚೌಡಪ್ಪ ಕಣ್ಣೊರೆಸಿಕೊಂಡು, "ಅಳಿಯಾ, ನೀನಾದರೂ ಬಂದೆಯಲ್ಲ" ಎಂದ.

ಓಟಿನ ಹಿಂದಿನ ದಿನ ಬಿಸಿಲಿಗೆ ಬೆವತು ಬೆಂಡಾದ ಜಂಬಯ್ಯ ಯಾರ ಕಣ್ಣಿಗೂ ಬೀಳದಂತೆ ಬೇಲಿ ನುಸುಳಿ ಕಲ್ಲುಮಡುವಿಗೆ ಇಳಿದ. ನೀರು ತಣ್ಣಗಿತ್ತು. ಕುತ್ತಿಗೆಯವರೆಗೆ ಮುಳುಗಿ ಕಣ್ಣು ಮುಚ್ಚಿದ. ಆಗ ಬೇಲಿಯ ಆಚೆ ಗದ್ದಲ ಕೇಳಿಸಿತು. ಜೊಂಡಿನ ಮರೆಗೆ ಸರಿದು ಇಣುಕಿದ.

ಸಾತವ್ವ ಕುರುಚಲು ಸೀಮೆಯವರನ್ನೆಲ್ಲ ಕಟ್ಟಿಕೊಂಡು ಬಂದಿದ್ದಳು. ನಾಳೆ ತಮ್ಮದಾಗುವ ಮಡುವಿಗೆ ಇವತ್ತೇ ಬಾಗಿನ ಅರ್ಪಿಸಲು ಎಲೆಯಲ್ಲಿ ಹೂವು ಹಣ್ಣು ತಂದಿದ್ದರು. ಇನ್ನೊಂದು ಕಡೆಯಿಂದ ಚೌಡಪ್ಪ ಹುಲ್ಲುಗಾವಲಿನವರನ್ನು ಕರೆತಂದಿದ್ದ. ಅವರ ಬಾಯಲ್ಲೂ ಬಾಗಿನದ ಎಲೆ.

"ಯಾರ ಮಡುವಿಗೆ ಯಾರು ಬಾಗಿನ ತಂದಿರೋ?" ಎಂದು ಒಂದು ಮೊಲ ಮುನ್ನುಗ್ಗಿತು.

"ನಮ್ಮ ಮಡುವಿಗೆ ನಾವು ತಂದಿದ್ದೇವೆ" ಎಂದ ಚೌಡಪ್ಪ.

"ನಿಮ್ಮದೇ? ಯಾರು ಹೇಳಿದ್ದು?"

"ಮಂತ್ರಿಗಳೇ ಹೇಳಿದ್ದಾರೆ."

"ನಮಗೂ ಮಂತ್ರಿಗಳೇ ಹೇಳಿದ್ದು!"

ಕೊಂಬು ತಗ್ಗಿದವು. ಮುಳ್ಳು ನಿಮಿರಿದವು. ಜೊಂಡಿನ ಮರೆಯಲ್ಲಿ ಜಂಬಯ್ಯ, "ಹೊಡೆದಾಡಿಕೊಳ್ಳಿ, ಹೊಡೆದಾಡಿಕೊಳ್ಳಿ" ಎಂದು ಮನಸ್ಸಿನಲ್ಲೇ ಬೇಡಿಕೊಂಡ.

ಸಾತವ್ವ ನಡುವೆ ಬಂದಳು. "ತಡೀರಪ್ಪಾ. ಚೌಡಪ್ಪಾ, ನಿಮ್ಮ ಮಂತ್ರಿಯ ಹೆಸರೇನು?"

"ಜಂಬಯ್ಯ. ನಮ್ಮ ಸೋದರಳಿಯ."

"ಓಹೋ. ನಮಗೆ ಮನೆಮಗ."

ಸಾತವ್ವ ನಗತೊಡಗಿದಳು. ಮೈಮೇಲಿನ ಮುಳ್ಳೆಲ್ಲ ಗಲಗಲ ಅಲುಗಿತು. ಚೌಡಪ್ಪನಿಗೂ ನಗು ಬಂತು. ಆದರೆ ನೀರಿಲ್ಲದೆ ಮರಿ ಕಳೆದುಕೊಂಡಿದ್ದ ಒಂದು ಮೊಲ ನಗಲಿಲ್ಲ. ಅದು ಎಲೆಯನ್ನು ಕೆಳಗಿಟ್ಟು ಬೇಲಿಯಾಚೆಯ ನೀರನ್ನು ನೋಡಿತು. ಅದನ್ನು ನೋಡಿ ಉಳಿದವರ ನಗುವೂ ನಿಂತಿತು.

ಅದೇ ಹೊತ್ತಿಗೆ ಮೂಗಿಗೆ ನೀರು ಹೋಗಿ ಜಂಬಯ್ಯ ಸೀನಿದ.

ಎಲ್ಲರೂ ತಿರುಗಿದರು. ಒದ್ದೆಮುದ್ದೆಯಾಗಿ ಹೊರಗೆ ಬಂದವನು ಮೊದಲು ಸಾತವ್ವನ ಕಿವಿಗೆ, "ಅಜ್ಜೀ, ಮಡು ನಿಮ್ಮದೇ. ಅವರಿಗೆ ಸುಮ್ಮನೆ ಹೇಳಿದ್ದು" ಎಂದ. ಆಮೇಲೆ ಚೌಡಪ್ಪನ ಕಡೆ ಸರಿದು, "ಮಾವಾ, ಮಡು ನಿಮ್ಮದೇ..." ಎಂದು ಶುರುಮಾಡಿದ.

"ಗಟ್ಟಿಯಾಗಿ ಹೇಳು ಅಳಿಯಾ" ಎಂದ ಚೌಡಪ್ಪ. "ಎಲ್ಲರಿಗೂ ಕೇಳಲಿ."

ಮಾತಿನಲ್ಲೇ ಮನೆ ಕಟ್ಟುತ್ತಿದ್ದ ಜಂಬಯ್ಯ ಒಂದು ಹೆಜ್ಜೆ ಹಿಂದೆ ಸರಿದ. ಕೊನೆಗೆ, "ತಪ್ಪೆಲ್ಲ ಆ ಸಭಾಪತಿಯದು, ಅವನು ಅಪ್ಪಣೆ ಕೊಡುತ್ತಿಲ್ಲ" ಎಂದ.

ಚುನಾವಣೆಯ ಏರ್ಪಾಡು ನೋಡಲು ಆನೆ ಆ ದಿಕ್ಕಿಗೇ ಬರುತ್ತಿತ್ತು. ಗದ್ದಲ ಕೇಳಿ ಅಲ್ಲಿಗೇ ಬಂದಿತು. ಸಾತವ್ವ ನೇರವಾಗಿ ಕೇಳಿದಳು. "ಸ್ವಾಮೀ, ಈ ಬೇಲಿಗೆ ಯಾಕೆ ಅಪ್ಪಣೆ ಕೊಡಲಿಲ್ಲ?"

ಆನೆ ಕಿವಿ ಬೀಸಿತು. "ಕೇಳಿದ್ದರೆ ತಾನೆ ಕೊಡುವುದು? ಮಂತ್ರಿ ಒಂದು ಮಾತು ಅಂದಿದ್ದರೆ ಆವತ್ತೇ ತೆಗೆಸುತ್ತಿದ್ದೆ. ಮಂತ್ರಿಯಾದ ಮೇಲೆ ಇವನು ಸಭೆಯಲ್ಲಿ ಮಡುವಿನ ಹೆಸರೇ ಎತ್ತಲಿಲ್ಲವಲ್ಲ!"

ಯಾರೂ ಜಂಬಯ್ಯನನ್ನು ಬೈಯಲಿಲ್ಲ. ಸಾತವ್ವ ಅವನನ್ನು ಒಮ್ಮೆ ನೋಡಿದಳು, ಅಷ್ಟೆ. ಕಿಚ್ಚಿನ ದಿನ ನೀನು ಎಲ್ಲಿದ್ದೆ ಎಂದು ಕೇಳಿದಾಗಲೂ ಅವಳ ಕಣ್ಣಿನಲ್ಲಿ ಅಕ್ಕರೆಯಿತ್ತು. ಈಗ ಅದು ಇರಲಿಲ್ಲ. "ಮಂತ್ರಿ ಕೇಳದಿದ್ದರೂ ಎರಡು ಸೀಮೆಯೂ ಕೇಳಿದಂತಾಯಿತು, ಇಗೋ ಅಪ್ಪಣೆ" ಎಂದು ಆನೆ ಸೊಂಡಿಲಿನಿಂದ ಬೇಲಿಯನ್ನು ಎಳೆದು ಬದಿಗೆಸೆಯಿತು. ಎರಡೂ ಸೀಮೆಯ ಮರಿಗಳು ಒಟ್ಟಿಗೆ ನೀರಿಗೆ ಬಾಯಿ ಹಾಕಿದವು.

ಮರುದಿನ ಓಟು. ಎರಡು ಸೀಮೆಯಲ್ಲೂ ಜಂಬಯ್ಯನ ಹೆಸರಿನ ಗುಳಿಯಿತ್ತು. ಅದರ ಪಕ್ಕದಲ್ಲೇ ರಾತ್ರೋರಾತ್ರಿ ಕುರುಚಲಿನವರು ಸಾತವ್ವನ ಹೆಸರಿನಲ್ಲಿ, ಹುಲ್ಲುಗಾವಲಿನವರು ಚೌಡಪ್ಪನ ಹೆಸರಿನಲ್ಲಿ ಹೊಸ ಗುಳಿ ತೋಡಿದ್ದರು. ಅವನು ತನ್ನ ಕಲ್ಲನ್ನು ಕುರುಚಲು ಸೀಮೆಯ ಗುಳಿಗೆ ಹಾಕಿದ. ಅದು ಬರಿಯ ಮಣ್ಣಿಗೆ ಬಿದ್ದು 'ದೊಪ್' ಎಂದಿತು. ಸಂಜೆಯವರೆಗೂ ಆ ಗುಳಿಯಲ್ಲಿ ಬೇರೆ ಸದ್ದಾಗಲಿಲ್ಲ. ಒಂದು ಕಡೆ ಸಾತವ್ವ ಗೆದ್ದಳು, ಇನ್ನೊಂದು ಕಡೆ ಚೌಡಪ್ಪ ಗೆದ್ದ.

ಜಂಬಯ್ಯ ಓಡುತ್ತ ಕರಡಿ ಭರ್ಮಣ್ಣನ ಹತ್ತಿರ ಹೋದ. "ಅಣ್ಣಾ, ನನಗೊಂದು ದಾರಿ ತೋರಿಸು" ಎಂದ.

ಭರ್ಮಣ್ಣ ಆಗಲೇ ಹೊಸ ಶಾಸಕರಿಗೆ ಜೇನುಹುಟ್ಟು ಹಂಚುವುದರಲ್ಲಿದ್ದ. ತಲೆ ಎತ್ತದೆಯೇ, "ನೀನು ಯಾವ ಸೀಮೆಯವನಯ್ಯಾ?" ಎಂದು ಕೇಳಿದ.

ಜಂಬಯ್ಯ ಬಾಯಿ ತೆರೆದ. ಯಾವ ಸೀಮೆಯ ಹೆಸರು ಹೇಳಬೇಕೋ ತಿಳಿಯಲಿಲ್ಲ.

ಅಲ್ಲಿಂದ ಹಿಂದಿರುಗುವಾಗ ಅವನ ನಾಲಿಗೆ ಒಣಗಿತ್ತು. ಹತ್ತಿರದಲ್ಲಿ ಬೇರೆ ನೀರಿರಲಿಲ್ಲ. ನಾಚಿಕೆ ನುಂಗಿಕೊಂಡು ಕಲ್ಲುಮಡುವಿಗೆ ಹೋದ. ಅಟ್ಟಿಬಿಡುತ್ತಾರೆಂದು ದೂರದಲ್ಲೇ ನಿಂತ. ಮರಿ ಕಳೆದುಕೊಂಡ ಮೊಲ ಅವನನ್ನು ನೋಡಿತು. ಆಮೇಲೆ ಪಕ್ಕದವರಿಗೆ, "ಸ್ವಲ್ಪ ಸರಿಯಿರಿ. ಅವನೂ ಕುಡಿಯಲಿ" ಎಂದಿತು.

ಬೈದಿದ್ದರೆ ಜಂಬಯ್ಯ ತಿರುಗಿ ಏನಾದರೂ ಅನ್ನುತ್ತಿದ್ದ. ಸಿಕ್ಕಿದ ಜಾಗದಲ್ಲಿ ತಲೆ ಬಗ್ಗಿಸಿ ಕುಡಿದ. ನೀರು ಸಿಹಿಯಾಗಿತ್ತು. ಅದು ಅವನ ಗಂಟಲಿನಲ್ಲಿ ಇಳಿಯಲು ಬಹಳ ಹೊತ್ತು ಹಿಡಿಯಿತು.

ನೀತಿ: ಕೊಡಬಲ್ಲದ್ದನ್ನು ಕೊಡದೆ ಬರೀ ಆಸೆ ತೋರಿಸಿ ಓಟು ಪಡೆಯುವವನು, ಕೊನೆಗೆ ಜನರ ನಂಬಿಕೆಯನ್ನೂ ಕಳೆದುಕೊಳ್ಳುತ್ತಾನೆ, ನಿಲ್ಲುವ ನೆಲವನ್ನೂ ಕಳೆದುಕೊಳ್ಳುತ್ತಾನೆ.