ಅಂದಾನಪ್ಪನ ತಗಡಿನ ಫಲಕ

ಗುತ್ತಿಗೆದಾರ ಅಂದಾನಪ್ಪನ ಜೀಪಿನಲ್ಲಿ ಒಂದು ತಗಡಿನ ಫಲಕ ಸದಾ ಮಲಗಿರುತ್ತಿತ್ತು. 'ಸರಕಾರಿ ಶಾಲಾ ಕಟ್ಟಡ. ನಿಗದಿಯಾದ ದಿನಗೂಲಿ: ಗೌಂಡಿಗೆ ಒಂಬೈನೂರು, ಆಳಿಗೆ ಏಳುನೂರು' ಅಂತ ಅದರ ಮೇಲೆ ದಪ್ಪಕ್ಷರ. ಎಂಜಿನಿಯರ್ ಸಾಹೇಬರು ತಪಾಸಣೆಗೆ ಬಂದರೆ ಫಲಕ ಎದ್ದು ನಿಲ್ಲೋದು, ಅವರು ಹೋದರೆ ಮತ್ತೆ ಜೀಪಿನಲ್ಲಿ ಮಲಗೋದು. ಗೋಡೆ ಕಟ್ಟುವ ಗೌಂಡಿಯ ಕೈಗೆ ಬರುತ್ತಿದ್ದುದು ಐನೂರೇ, ಆಳಿಗೆ ಮುನ್ನೂರೇ. ಬಾಯಿಬಿಟ್ಟು ಕೇಳಿದವನಿಗೆ ಮರುದಿನ ಕೆಲಸವೇ ಇಲ್ಲ.

ಇದನ್ನು ನೋಡಿ ನೋಡಿ ಗೌಂಡಿ ದ್ಯಾಮಣ್ಣನ ಮೈ ಉರಿಯುತ್ತಿತ್ತು.

"ನಾಳೆ ಸಾಹೇಬ್ರು ಬರ್ತಾರ. ಸಾಲಿ ಬಾಗಿಲ ಮ್ಯಾಲ ಫಲಕ ಹಚ್ಚು. ಅಲುಗಾಡಬಾರದು ನೋಡು!" ಅಂತ ಅಂದಾನಪ್ಪ ಗದರಿದ.

"ಅಲುಗಾಡಂಗಿಲ್ರಿ," ಅಂದ ದ್ಯಾಮಣ್ಣ. ಗೋಡೆ ಕೊರೆದ, ಕಬ್ಬಿಣದ ಕೊಂಡಿ ಹಾಕಿದ, ಸುತ್ತ ಸಿಮೆಂಟು ತುಂಬಿ ಫಲಕವನ್ನು ಗೋಡೆಯೊಳಗೇ ಕೂರಿಸಿಬಿಟ್ಟ.

ಸಾಹೇಬರು ಬಂದರು, ಮೆಚ್ಚಿದರು, ಅಂದಾನಪ್ಪನನ್ನು ಅದರ ಕೆಳಗೇ ನಿಲ್ಲಿಸಿ ಫೋಟೊ ಹೊಡೆದುಕೊಂಡು ಹೋದರು.

ಅವರ ಗಾಡಿಯ ಧೂಳು ಅಡಗುವ ಮೊದಲೇ ಅಂದಾನಪ್ಪ ಕೂಗಿದ: "ಇಳಿಸಲೇ ಅದನ್ನ! ಮಧ್ಯಾಹ್ನ ಸಾಹೇಬ್ರು ಇನ್ನೊಂದು ಊರಿನ ಸಾಲಿ ಕಟ್ಟಡ ನೋಡಾಕ ಬರ್ತಾರ, ಅಲ್ಲಿಗೆ ಬೇಕು." ತಾನೇ ಏಣಿ ಹತ್ತಿ ಜಗ್ಗಿದ. ತಗಡು ಮಿಸುಕಲಿಲ್ಲ. "ಗ್ವಾಡಿ ಒಡಿಲೇ ಹಂಗಾರ!"

ದ್ಯಾಮಣ್ಣ ಕೈಕಟ್ಟಿ ನಿಂತ. ಹನ್ನೊಂದು ಮಂದಿ ಆಳುಗಳೂ ಬುಟ್ಟಿ ಕೆಳಗಿಟ್ಟು ಅವನ ಹಿಂದೆ ನಿಂತರು.

"ಒಡಿತೀವ್ರಿ. ಒಡಿಯೋ ದಿನದ ಕೂಲಿನೂ ನಿಮ್ಮ ಮುಂದಿನ ಫಲಕದಾಗ ಬರದೈತಿ. ನಾವು ಕಟ್ಟಾಕತ್ತಿದ್ದು ಸಾಲಿರೀ, ಇಲ್ಲಿ ಬರದದ್ದನ್ನ ಓದಲೇಬೇಕು. ಹ್ಞೂಂ, ಓದ್ರಿ. ಎಲ್ಲಾರಿಗೂ ಕೇಳುವಂಗ ಓದ್ರಿ."