ಹಸಿದ ಗಡಿಯಾರ

“ಕೇಳ್ರಪ್ಪೋ ಕೇಳಿ! ದೊರೆಯ ಕೈಗಡಿಯಾರದ ಮೂರು ಒಗಟು ಬಿಡಿಸಿದವರಿಗೆ ಆ ಗಡಿಯಾರವೇ ಇನಾಮು. ತಪ್ಪಿದವರ ತಲೆ ಹೊತ್ತು ಮುಳುಗುವಾಗ ಉರುಳುತ್ತದೆ!”

ಈ ಡಂಗುರಕ್ಕೆ ಎಂತೆಂಥವರು ಓಡಿಬಂದರು ಅಂತೀರಿ! ಗಡಿಯಾರವೆಂದರೆ ಜೀವ ಬಿಡುವವರು. ರೇಷ್ಮೆ ಕೈಗವಸು ತೊಟ್ಟು, ಭೂತಗನ್ನಡಿ ಹಿಡಿದು, ಗಾಜಿನ ಪೆಟ್ಟಿಗೆಯ ಸುತ್ತ ಉಸಿರು ಬಿಗಿಹಿಡಿದು ನಿಂತರು. ಚಂದ್ರ ಇಣುಕುವ ಕಿಂಡಿಯೇನು, ಕೂದಲೆಳೆಯಂಥ ತಂತಿಯೇನು! ಮುಟ್ಟುವ ಧೈರ್ಯ ಮಾತ್ರ ಯಾರಿಗೂ ಇಲ್ಲ. ದೊರೆ ಅದನ್ನು ಪೆಟ್ಟಿಗೆಯಲ್ಲಿಟ್ಟ ಮೇಲೆ ಅದು ನಿಂತೇಹೋಗಿತ್ತು.

ಇಟ್ಟಿಗೆ ಹೊರುವ ಬೈರೇಶನ ಅಣ್ಣ ಚೆಲುವಯ್ಯನಿಗೂ ಅದೇ ಹುಚ್ಚು. ಎರಡು ಒಗಟು ಬಿಡಿಸಿ ಮೂರನೆಯದಕ್ಕೆ ಮುಗ್ಗರಿಸಿ, ಸೋತ ಇತರರ ಜೊತೆ ಕಂಬಕ್ಕೆ ಕಟ್ಟಿಸಿಕೊಂಡು ನಿಂತಿದ್ದ. ಬೈರೇಶನಿಗೆ ಅವನನ್ನು ಬಿಟ್ಟರೆ ಬೇರೆ ದಿಕ್ಕಿಲ್ಲ. ಹೊತ್ತು ಇಳಿಯುತ್ತಿತ್ತು. ಅವನು ದೊರೆಯ ಮುಂದೆ ಹೋಗಿ ನಿಂತ.

“ನಾನು ಗೆದ್ದರೆ ಅಣ್ಣನನ್ನ ಬಿಡ್ತೀರಾ, ಬುದ್ಧೀ?”

“ಬಿಡ್ತೀನಿ. ನಾಲ್ಕು ವರ್ಷಕ್ಕೊಮ್ಮೆ, ಒಂದೇ ದಿನ ಬರುವ ನೆಂಟನಿಗಾಗಿ ಸದಾ ದುಡಿಯುವ ಆಳು ಯಾರು?”

“ಫೆಬ್ರವರಿ ಇಪ್ಪತ್ತೊಂಬತ್ತನ್ನ ಮರೆಯದಿರಲಿ ಅಂತ ಒಳಗಿಟ್ಟಿರೋ ಚಕ್ರ.” ಅಣ್ಣ ಉಣ್ಣುವಾಗಲೂ ಇದನ್ನೇ ಕೊರೆಯುತ್ತಿದ್ದನಲ್ಲ!

“ಕಣ್ಣಿಗೆ ಕಾಣದಿದ್ದಾಗ ಕಿವಿಗೆ ಹೊತ್ತು ಹೇಳುವವನು?”

“ಗುಂಡಿ ಒತ್ತಿದರೆ ಗಂಟೆ ಬಡಿಯೋ ಪುಟ್ಟ ಸುತ್ತಿಗೆ.”

“ಸರಿ. ಬಾಯಿಲ್ಲದ ಈ ಗಡಿಯಾರ ಹಸಿದು ಮಲಗಿದೆ. ಏನು ಬಡಿಸಿದರೆ ಎದ್ದೀತು?”

ಚೆಲುವಯ್ಯ ಎಣ್ಣೆ ಎಂದಿದ್ದ. ದೊರೆಯ ಅಕ್ಕಸಾಲಿ ಪೆಟ್ಟಿಗೆಯಲ್ಲೇ ಅದಕ್ಕೊಂದು ತೊಟ್ಟು ಬಿಟ್ಟು ನೋಡಿದ್ದ, ಮುಳ್ಳು ಅಲುಗಿರಲಿಲ್ಲ. ಒಬ್ಬ ಸಾಹುಕಾರ ಕೀಲಿ ಎಂದಿದ್ದ. ಕೀಲಿ ತೂರಿಸಲು ತೂತೇ ಇರಲಿಲ್ಲ. ನಿಜ ಹೇಳಬೇಕೆಂದರೆ, ಉತ್ತರ ದೊರೆಗೇ ಗೊತ್ತಿರಲಿಲ್ಲ! ಗಡಿಯಾರ ನಡೆದರೆ ಗೆಲುವು, ಅಷ್ಟೇ.

ಬೈರೇಶ ಕಂಬದತ್ತ ನೋಡಿದ. ಅತ್ತ ಕತ್ತಿ ಮಸೆಯುವ ಸದ್ದು.

“ಗೊತ್ತಿಲ್ಲ ಬುದ್ಧೀ... ಹೇಗೂ ನಾನೂ ಸಾಯೋನು. ಅಣ್ಣ ಪ್ರಾಣ ಕೊಡ್ತಿರೋದು ಇದಕ್ಕೇ ತಾನೆ? ಒಮ್ಮೆ ಕೈಗೆ ಕಟ್ಟಿಕೊಳ್ಳಲಾ?”

“ಅಯ್ಯಯ್ಯೋ, ಆ ಮಣ್ಣುಗೈಗಾ!” ಎಂದು ಕೈಗವಸಿನವರು ಕಿರುಚಿದರು. ದೊರೆ ಮಾತ್ರ ಆಗಲೆಂದು ತಲೆಯಾಡಿಸಿದ.

ಕಟ್ಟಿಕೊಂಡ. ಕೈ ಗಡಗಡ ನಡುಗುತ್ತಿತ್ತು. ನಿಲ್ಲಿಸಲು ನೋಡಿದಷ್ಟೂ ಹೆಚ್ಚಾಯಿತು. ಅಷ್ಟರಲ್ಲಿ... ಟಿಕ್. ಟಿಕ್, ಟಿಕ್.

“ನನ್ನ ನಡುಕ ತಿಂತು ಬುದ್ಧೀ!”

ಅಕ್ಕಸಾಲಿ ಪಟ್ಟಿ ಸಡಿಲಿಸಿ ಗಡಿಯಾರದ ಬೆನ್ನಿನ ಗಾಜಿನಲ್ಲಿ ಇಣುಕಿದ. ಕೈ ಅಲುಗಿದಾಗೆಲ್ಲ ಒಳಗಿನ ಅರೆಚಂದ್ರದ ಬಿಲ್ಲೆ ತೂಗಿ, ಮುಳ್ಳು ನಡೆಸುವ ಸುರುಳಿಯನ್ನು ಬಿಗಿಯುತ್ತಿತ್ತು. “ಕೈಯ ಅಲುಗಾಟವೇ ಇದರ ಅನ್ನ, ಪ್ರಭು. ನಾವು ಪೂಜೆ ಮಾಡಿ ಮಾಡಿ ಉಪವಾಸ ಕೆಡವಿದ್ದೆವು.”

ದೊರೆಗೆ ನಾಚಿಕೆಯಾಯಿತು. ಕಂಬದಲ್ಲಿದ್ದವರನ್ನೆಲ್ಲ ಬಿಚ್ಚಿಸಿದ, ಗಡಿಯಾರವನ್ನು ಬೈರೇಶನಿಗೇ ಬಿಟ್ಟುಕೊಟ್ಟ.

ಚೆಲುವಯ್ಯ ಓಡಿಬಂದವನೇ ತಮ್ಮನ ಮುಖ ನೋಡಿದನೇ? ಇಲ್ಲ, ಮಣಿಕಟ್ಟಿಗೆ ಕಿವಿಯಿಟ್ಟ. “ಕೈ ಆಡಿಸೋ, ನಿಂತುಹೋದೀತು!”

“ನಿನ್ನ ಗಡಿಯಾರಕ್ಕಿಷ್ಟು ಬೆಂಕಿ ಹಾಕ!” ಎಂದು ಬೈರೇಶ ಅಣ್ಣನನ್ನು ತಬ್ಬಿ, ಗೊಳೋ ಎಂದು ಅಳುತ್ತಾ ಅವನ ಬೆನ್ನಿಗೆ ಗುದ್ದಿದ, ಗುದ್ದಿದ. ಗಡಿಯಾರಕ್ಕೆ ಅಂದು ಹೊಟ್ಟೆತುಂಬ ಊಟ.