ಪೆನ್ನಿನ ಒಣ ಗಂಟಲು

ಲೇಖಕಿ ಸುಗಂಧಮ್ಮನವರ ಮೇಜಿನ ಮೇಲೆ ಶಾಯಿ ಬುಡ್ಡಿ ಪೆನ್ನಿಗೆ ಹೇಳಿತು: “ನೆನಪಿದೆಯೇ? ಬೆಳಿಗ್ಗೆ ಕಾಫಿ ಆರುವುದರೊಳಗೆ ದಿನಾ ಒಂದು ಪುಟ ಬರೆಯುತ್ತಿದ್ದೆವು. ಎಂಥಾ ಕಾಲ ಅದು!”

“ಹಾಲಿನವನ ಜಗಳ, ಬೆಕ್ಕಿನ ಸುದ್ದಿ! ಅಂಥದ್ದಕ್ಕೆಲ್ಲ ನಾನಿನ್ನು ಬಾಯಿ ತೆರೆಯುವುದಿಲ್ಲ. ದೊಡ್ಡ ಮಾತಿಗಾಗಿ ಕಾಯುತ್ತಿದ್ದೇನೆ,” ಎಂದಿತು ಪೆನ್ನು.

ಆ ಮಾತು ಒಂದು ದಿನ ಬಂದೇ ಬಂತು. ಸುಗಂಧಮ್ಮ ಒಲೆ ಆರಿಸಿ ಓಡಿಬಂದು ಪೆನ್ನು ಹಿಡಿದರು. ಕೊಡವಿದರು, ಒತ್ತಿದರು, ಒಣಗಿದ ನಿಬ್ಬು ಕಾಗದ ಗೀರಿತೇ ಹೊರತು ಒಂದಕ್ಷರ ಮೂಡಲಿಲ್ಲ. ಬಿಸಿನೀರಿನಲ್ಲಿ ತೊಳೆದು ಶಾಯಿ ತುಂಬುವಷ್ಟರಲ್ಲಿ ಮಾತು ಮರೆತೇಹೋಯಿತು. “ಏನೋ ಹೊಳೆದಿತ್ತಲ್ಲ,” ಎಂದು ಅವರು ಕಿಟಕಿಯಾಚೆ ನೋಡುತ್ತಾ ಕೂತರು.

“ಈಗೇನು ಮಾಡಲಿ?” ಪೆನ್ನು ಕುಗ್ಗಿ ಕೇಳಿತು.

“ಅಟ್ಟದ ಮೇಲೆ ಬೆಕ್ಕು ಮರಿ ಹಾಕಿದೆ,” ಎಂದಿತು ಬುಡ್ಡಿ. “ಬಾಯಿ ತೆರೆ.”